ಕರು ಎಲ್ಲಿದ್ದು?

ಗುರುವಾರ, ಅಕ್ಟೋಬರ್ 23, 2025
ಶಿರಸಿ

ಬೆಳಿಗ್ಗೆ ಅಣ್ಣ, ಅತ್ತಿಗೆ, ಮಕ್ಕಳು ಬೆಂಗಳೂರಿಗೆ ಹೊರಟರು. ದೀಪಾವಳಿಯ ದೊಡ್ಡಹಬ್ಬ ಮುಗಿಯಿತು. ಕಾರು ಹತ್ತುವಾಗ ಅಣ್ಣ ಮತ್ತೆ ಅದೇ ಮಾತು ತೆಗೆದ. "ಮುಂದಿನ ಹಬ್ಬದೊಳಗೆ ದನ ಕೊಟ್ಬಿಡವು ಆಯಿ." ಆಯಿ ಏನೂ ಹೇಳಲಿಲ್ಲ. ಅವಳ ಮಂಡಿ ನೋವು ನೋಡಿ ಅವನು ಹೇಳುತ್ತಾನೆ, ಗೊತ್ತು. ಆದರೂ ಗೋಪೂಜೆಯ ಮಾಲೆ ಇನ್ನೂ ದನದ ಕೊರಳಲ್ಲೇ ಇರುವಾಗ ಹೇಳಬೇಕಿತ್ತಾ?

ಸಂಜೆ ಲ್ಯಾಪ್‌ಟಾಪ್ ತೆಗೆದು ಫಾಲ್‌ಔಟ್ 4 ಆಡುತ್ತ ಕೂತೆ. ಆ ಆಟದ ಕಥೆಯಲ್ಲಿ ಜಗತ್ತು ಸುಟ್ಟು ಹೋಗುವುದು ಇದೇ ತಾರೀಖಿಗೆ, 2077ರ ಅಕ್ಟೋಬರ್ 23ಕ್ಕೆ. ಅಣುಬಾಂಬು ಬಿದ್ದು 210 ವರ್ಷ ಆದ ಮೇಲಿನ ಬಾಸ್ಟನ್‌ನಲ್ಲಿ ನಾವು ಓಡಾಡಬೇಕು. ಹಳ್ಳದ ನೀರು ಕುಡಿದರೂ ಮೈಗೆ ವಿಕಿರಣ ಸೇರುತ್ತದೆ. ಅಂಥ ಕಡೆ ಜನರ ಜೊತೆ ಎರಡು ತಲೆಯ ದನ ಬದುಕಿ ಉಳಿದಿದೆ. 1997ರ ಮೊದಲ ಆಟದಿಂದಲೂ ಅದು ಇದೆ. ಬ್ರಾಹ್ಮಿನ್ ಅಂತ ಹೆಸರಿಟ್ಟಿದ್ದಾರೆ. 2008ರಲ್ಲಿ ಮೂರನೇ ಆಟ ಬಂದಾಗ ಮೈಕ್ರೋಸಾಫ್ಟ್ ಅದನ್ನು ಭಾರತಕ್ಕೆ ತರಲಿಲ್ಲ. ಇಲ್ಲಿನ ಸಾಂಸ್ಕೃತಿಕ ಸೂಕ್ಷ್ಮತೆ ಕಾರಣ ಎಂದಷ್ಟೇ ಹೇಳಿತು. ಈ ಹೆಸರಿನಿಂದಲೇ ಹಾಗಾಯಿತು ಅಂತ ತುಂಬಾ ಜನ ಅಂದುಕೊಂಡರು. ಹೆಸರು ನನಗೂ ಹಿಡಿಸಿಲ್ಲ. ಆದರೆ ಆ ದನ ತುಂಬಾ ಇಷ್ಟ.

ಆಯಿ ಪಕ್ಕದಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದಳು. ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದಳು.

"ಎಂತದೇ ಕೂಸೇ ಅದು? ಎರಡು ತಲೆ ಇದ್ದಲೇ!"

ಹೇಳಿದೆ. ವಿಕಿರಣದಿಂದ ಹೀಗಾದ ದನ, ವ್ಯಾಪಾರಿಗಳು ಇದರ ಬೆನ್ನಿಗೆ ಸಾಮಾನು ಹೇರಿಕೊಂಡು ಊರೂರು ತಿರುಗುತ್ತಾರೆ, ಊರಲ್ಲಿ ಇದ್ದರೆ ಗೊಬ್ಬರ ಸಿಗುತ್ತದೆ ಅಂತೆಲ್ಲ. ಮಾಂಸದ ವಿಷಯ ಬಿಟ್ಟೆ. ಗೊಬ್ಬರ ಅಂದಾಗ ಆಯಿ ತಲೆಯಾಡಿಸಿದಳು. ಅದು ಅವಳಿಗೆ ಅರ್ಥವಾಗುವ ಲೆಕ್ಕ. ನಮ್ಮ ತೋಟ ನಿಂತಿರುವುದೇ ಬೆಟ್ಟದ ಸೊಪ್ಪು, ಕೊಟ್ಟಿಗೆಯ ಸಗಣಿ ಮೇಲೆ ಅಲ್ವಾ.

"ಯಾವ ಬಾಯಿಗೆ ಮೊದ್ಲು ಹುಲ್ಲು ಹಾಕವು?"

ಎರಡಕ್ಕೂ ಒಟ್ಟಿಗೆ, ಬಾನಿಯಲ್ಲಿ ಇಟ್ಟರೆ ಅದೇ ಬಂದು ತಿನ್ನುತ್ತದೆ ಅಂದೆ. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು. ಆಮೇಲೆ ಕೇಳಿದಳು.

"ಕರು ಎಲ್ಲಿದ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಆಟದಲ್ಲಿ ಇಷ್ಟು ತಿರುಗಿದ್ದೇನೆ, ಒಂದು ಕರುವನ್ನೂ ಕಂಡಿಲ್ಲ. ಕಂಡ ದನಕ್ಕೆಲ್ಲ ದೊಡ್ಡ ಕೆಚ್ಚಲು. ಹೋರಿ ಇಲ್ಲ. ನಾವು ಕಟ್ಟಿದ ಊರಿಗೆ ಜನ ಬಂದು ಸೇರುವ ಹಾಗೆ ದನವೂ ಒಂದು ದಿನ ಬಂದು ಸೇರುತ್ತದೆ. ಎಲ್ಲಿ ಹುಟ್ಟಿತು, ಯಾರ ಕೊಟ್ಟಿಗೆಯಲ್ಲಿ ಬೆಳೆಯಿತು, ಯಾರೂ ಕೇಳುವುದಿಲ್ಲ. ಆಮೇಲೆ ಬಂದ ಫಾಲ್‌ಔಟ್ 76 ಆಟದಲ್ಲಿ ಹಾಲು ಕರೆಯಲೂ ಬರುತ್ತದೆ. ಸುಮ್ನೆ ಹತ್ತಿರ ಹೋಗಿ ಕರೆದರಾಯಿತು. ಕರು ಬಿಡುವುದು, ಮೊಲೆ ಚೀಪಿಸುವುದು, ಕರುವಿನ ಪಾಲು ಉಳಿಸುವುದು ಏನೂ ಬೇಡ. ಇಷ್ಟು ದೊಡ್ಡ ಜಗತ್ತು ಕಟ್ಟಿದವರು ಇದನ್ನು ಯೋಚಿಸಲಿಲ್ಲವಲ್ಲ ಅಂತ ನಿಜಕ್ಕೂ ಬೇಸರವಾಯಿತು. ಎರಡು ತಲೆಯ ಕರುವನ್ನು ತಾಯಿ ನೆಕ್ಕುವುದು ಹೇಗಿರುತ್ತಿತ್ತು! ಒಂದು ತಲೆ ಒಂದು ಮುಖ ನೆಕ್ಕುತ್ತಿತ್ತಾ?

ನಿಜವಾಗಿ ಎರಡು ತಲೆಯ ಕರು ಹುಟ್ಟುವುದಕ್ಕೆ ಬಾಂಬು ಬೇಕಿಲ್ಲ. ಗರ್ಭದಲ್ಲಿ ಅವಳಿ ಪೂರ್ತಿ ಬೇರೆಯಾಗದಿದ್ದರೆ ಹಾಗಾಗುತ್ತದೆ. ಪಾಪ, ಅಂಥವು ಜಾಸ್ತಿ ಬದುಕುವುದಿಲ್ಲ. ವಿಕಿರಣ ದನದ ಮೂಲಕ ಮನುಷ್ಯನನ್ನು ಮುಟ್ಟುವ ದಾರಿ ಕಣ್ಣಿಗೆ ಕಾಣುವುದೇ ಇಲ್ಲ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿದಾಗ ಹಾರಿದ ಅಯೋಡಿನ್ 131 ಎಂಬ ವಿಕಿರಣ ವಸ್ತು ಹುಲ್ಲಿನ ಮೇಲೆ ಕೂತಿತು. ಹುಲ್ಲು ದನಕ್ಕೆ, ಹಾಲು ಮಕ್ಕಳಿಗೆ. ಎಂಟು ದಿನಕ್ಕೆ ಅರ್ಧ ಆಗುವ ವಸ್ತು ಅದು. ಆದರೆ ಹಾಲು ಎಂಟು ದಿನ ಕಾಯುತ್ತದೆಯಾ? ಎಷ್ಟೋ ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು.

ಇದನ್ನು ಹೇಳಿದಾಗ ಆಯಿ ಕೈಗಾ ಅಣುಸ್ಥಾವರ ನೆನಪು ಮಾಡಿಕೊಂಡಳು. 1989ರಲ್ಲಿ ಕಾರಂತಜ್ಜ ಕೈಗಾ ಬೇಡ ಅಂತ ನಮ್ಮ ಜಿಲ್ಲೆಯಿಂದಲೇ ಲೋಕಸಭೆಗೆ ನಿಂತು ಸೋತರು. ಆಗಲೂ ಹೆಂಗಸರು ಮೊದಲು ಕೇಳಿದ್ದು ಹಾಲು ಕುಡಿಯಬಹುದಾ ಅಂತಲೇ, ಅಂದಳು. ಈಗ ಅಲ್ಲಿ ನಾಲ್ಕು ಘಟಕ ಇವೆ. ಅದರ ಮೇಲೆ ಇಬ್ಬರೂ ಮಾತಾಡಲಿಲ್ಲ.

ಊಟ ಆದ ಮೇಲೂ ತಲೆಯಲ್ಲಿ ಜಪಾನಿನ ಫುಕುಶಿಮಾ ಸುತ್ತುತ್ತಿತ್ತು. 2011ರಲ್ಲಿ ಅಲ್ಲಿನ ಅಣುಸ್ಥಾವರದಲ್ಲಿ ದುರಂತ ಆದಾಗ ಸುತ್ತ 20 ಕಿಲೋಮೀಟರ್ ಜನರನ್ನು ಎಬ್ಬಿಸಿದರು. ಉಳಿದ ದನಗಳನ್ನು ಕೊಲ್ಲಬೇಕು ಅಂತ ಸರ್ಕಾರ ಹೇಳಿತು. ಕೆಲವು ರೈತರು ಒಪ್ಪಲಿಲ್ಲ. ಮಾರಲು ಬಾರದ, ತಿನ್ನಲು ಬಾರದ ದನಕ್ಕೆ ಒಳಗೆ ಹೋಗಿ ಹೋಗಿ ಮೇವು ಹಾಕಿದರು. ಆಟದಲ್ಲಿ ಇದಕ್ಕೆ ಜಾಗ ಇಲ್ಲ. ಅಲ್ಲಿ ದನ ಏನಾದರೂ ಕೊಡಲೇಬೇಕು. ಅಣ್ಣನ ಲೆಕ್ಕವೂ ಹೆಚ್ಚು ಕಡಿಮೆ ಹಾಗೇ. ಹಿಂಡಿಗೆ ಎಷ್ಟು, ಹುಲ್ಲಿಗೆ ಎಷ್ಟು, ಗಿಡ್ಡ ದನ ಕೊಡುವ ಹಾಲು ಎಷ್ಟು. ಕಾಗದದ ಮೇಲೆ ಅವನು ಹೇಳುವುದು ಸರಿಯೇ. ಆದರೆ ಆಯಿ ಆಟದ ದನ ನೋಡಿದರೂ ಮೊದಲು ಕೇಳುವುದು ಅದರ ಹುಲ್ಲು, ಆಮೇಲೆ ಅದರ ಕರು. ಅವಳಿಂದ ದನ ಬಿಡಿಸಿದರೆ ಅವಳ ದಿನದಲ್ಲಿ ಏನು ಉಳಿಯುತ್ತದೆ ಅಂತ ಅಣ್ಣ ಯೋಚಿಸಿದ್ದಾನಾ?

ಗೌರಿ ತುಂಬು ಗಬ್ಬ. ಕೆಚ್ಚಲು ಇಳಿದಿದೆ. ಇನ್ನೇನು ಕರು ಹಾಕಬೇಕು. ಹಾಕುವ ಹೊತ್ತಿಗೆ ಆಯಿ ಒಬ್ಬಳೇ ರಾತ್ರಿ ಕೊಟ್ಟಿಗೆಗೆ ಹೋಗಿ ಬಿದ್ದರೆ ಅಂತ ನನಗೂ ಹೆದರಿಕೆ ಇದೆ. ಅಣ್ಣನಿಗೆ ನಾಳೆ ಫೋನ್ ಮಾಡಬೇಕು. ಹಿಂಡಿಯ ದುಡ್ಡು ನಾನು ಕೊಡ್ತೇನೆ, ಬೆಳಗಿನ ಕೊಟ್ಟಿಗೆ ಕೆಲಸ ನಾನೇ ಮಾಡ್ತೇನೆ, ನೀನು ಕೊಟ್ಟಿಗೆಗೆ ಒಂದು ಒಳ್ಳೆ ಲೈಟ್ ಹಾಕಿಸಿ ಕೊಡು ಸಾಕು ಅಂತ ಹೇಳಬೇಕು. ಹೆಣ್ಣು ಕರು ಆದರೆ ಅವನೂ ಸ್ವಲ್ಪ ಮೆತ್ತಗಾಗಬಹುದು. ಗಂಡಾದರೆ...