ಹಾಲ್ ಫ್ಯಾನ್ ರಿಪೇರಿ ಲಾಗ್: ಕೆಪಾಸಿಟರ್ ಅಂತ ಶುರು ಮಾಡಿದ್ದು ಮೊಳೆವರೆಗೂ ಹೋಯ್ತು

ಮೊದಲನೇ ಶನಿವಾರ

ಬೆಂಗಳೂರು ಶ್ರೀನಗರದ ನಮ್ಮನೆ ಹಾಲಲ್ಲಿರೋದು 1994ರಲ್ಲಿ ಗೃಹಪ್ರವೇಶಕ್ಕೆ ಅಂತ ಅಪ್ಪ ಹಾಕ್ಸಿದ್ದ 48 ಇಂಚಿನ ಕಂದು ಬಣ್ಣದ ಫ್ಯಾನು. ಎರಡು ತಿಂಗಳಿಂದ ಐದರಲ್ಲಿಟ್ರೂ ಎರಡರಲ್ಲಿಟ್ಟಂಗೆ ತಿರುಗ್ತಿತ್ತು, ಜೊತೆಗೆ ಕರ್ರ್ ಅಂತ ಸದ್ದು ಬೇರೆ. ಈ ವಾರ ಅದೂ ಇಲ್ಲ. ಸ್ವಿಚ್ ಹಾಕಿದ್ರೆ ಹೂಂ ಅಂತ ಗುಂಯ್‌ಗುಟ್ಟುತ್ತೆ ಅಷ್ಟೇ, ಅಮ್ಮ ಪೊರಕೆ ಹಿಡೀಲಿ ರೆಕ್ಕೆಗೆ ಒಂದು ತಳ್ಳು ಕೊಟ್ರೆ ಆಮೇಲೆ ನಿಧಾನಕ್ಕೆ ಶುರು ಆಗುತ್ತೆ. "ಸುಮ್ನೆ ಹೊಸದು ತಂದು ಹಾಕೋ" ಅಂದ್ರು.

ತಳ್ಳಿದ್ರೆ ತಿರುಗುತ್ತೆ ಅಂದ್ರೆ ಕಾಯಿಲ್ (ಮೋಟರೊಳಗಿನ ತಂತಿ ಸುರುಳಿ, ವೈಂಡಿಂಗ್ ಅನ್ನೋದೂ ಅದನ್ನೇ) ಬಹುಶಃ ಸುಟ್ಟಿಲ್ಲ, ಹೆಚ್ಚುಕಮ್ಮಿ ಕೆಪಾಸಿಟರ್ರೇ. ಮನೆಗೆ ಬರೋದು ಸಿಂಗಲ್ ಫೇಸ್, ಅದೊಂದರಿಂದಲೇ ನಿಂತಿರೋ ಮೋಟರ್ರಿಗೆ ಯಾವ ಕಡೆ ತಿರುಗ್ಬೇಕು ಅನ್ನೋದೇ ಗೊತ್ತಾಗಲ್ಲ, ಎರಡನೇ ವೈಂಡಿಂಗಿಗೆ ಕರೆಂಟನ್ನ ಸ್ವಲ್ಪ ಹಿಂದೆಮುಂದೆ ಮಾಡಿ ಕಳ್ಸಿ ಆ ಮೊದಲ ತಳ್ಳು ಕೊಡೋದು ಕೆಪಾಸಿಟರ್ ಕೆಲಸ, ಅದು ಸೋತಿದೆ ಅಂತ ಆ ಕೆಲಸ ಅಮ್ಮನ ಪೊರಕೆ ಮಾಡ್ತಿತ್ತು.

ಬರೀ ಸ್ವಿಚ್ ಅಲ್ಲ, ಮೇನೇ ಆಫ್ ಮಾಡ್ದೆ. ಹಳೇ ವೈರಿಂಗಲ್ಲಿ ಸ್ವಿಚ್ಚನ್ನ ಫೇಸ್ ಬಿಟ್ಟು ನ್ಯೂಟ್ರಲ್‌ಗೆ ಕೊಟ್ಟಿರೋ ಮಹಾನುಭಾವರೂ ಇದಾರೆ, ಹಾಗಿದ್ರೆ ಸ್ವಿಚ್ ಆಫ್ ಇದ್ರೂ ಮೇಲೆ ಕರೆಂಟ್ ಇರುತ್ತೆ. ಟೆಸ್ಟರ್ ಇಟ್ಟು ನೋಡಿ, ವೈರ್ ಯಾವ್ದು ಎಲ್ಲಿಗೆ ಅಂತ ಮೊಬೈಲಲ್ಲಿ ಫೋಟೋ ತೆಗೆದು (ವೈಂಡಿಂಗ್ ಎರಡೂ ಅದಲುಬದಲಾದ್ರೆ ಫ್ಯಾನು ಉಲ್ಟಾ ತಿರುಗಿ ಗಾಳಿ ಸೂರಿಗೆ ಹೋಗುತ್ತೆ) ಬಿಚ್ಚಿದೆ. ಮೇಲೆ ಬರ್ದಿದ್ದು 2.5 ಮೈಕ್ರೋಫ್ಯಾರಡ್ (ಕೆಪಾಸಿಟರ್ ಸಾಮರ್ಥ್ಯದ ಅಳತೆ), ಮೀಟರ್ ತೋರ್ಸಿದ್ದು 1.3. ಬೀದಿ ಕೊನೇ ಎಲೆಕ್ಟ್ರಿಕಲ್ ಅಂಗಡೀಲಿ ಹೊಸದಕ್ಕೆ 60 ರೂಪಾಯಿ ಕೊಟ್ಟೆ. ಅಷ್ಟೇ ಮೈಕ್ರೋಫ್ಯಾರಡ್ ಇರೋದು ಹಾಕ್ಬೇಕು, ದೊಡ್ಡದು ಹಾಕಿದ್ರೆ ಜಾಸ್ತಿ ಸ್ಪೀಡು ಅಂತ 4 ಹಾಕೋರು ಕಾಯಿಲ್ ಬಿಸಿ ಮಾಡ್ಕೊತಾರೆ.

ಹಾಕ್ದೆ, ತಳ್ಳದೇ ತಿರುಗ್ತು. ಆದ್ರೆ ಸ್ಪೀಡ್ ಬಂದ್ಮೇಲೆ ಕರ್ರ್ ಅನ್ನೋದೂ ಜೋರಾಯ್ತು, ಟೀವಿ ಸೌಂಡ್ ಎರಡು ಪಾಯಿಂಟ್ ಏರ್ಸಿದೀವಿ.

ಎರಡನೇ ಶನಿವಾರ

ಸದ್ದು ಬೇರಿಂಗಿಂದು (ಶಾಫ್ಟ್ ಸಲೀಸಾಗಿ ತಿರುಗೋಕ್ಕೆ ಇರೋ ಗುಂಡುಗಳ ಬಳೆ) ಅಂತ ಗೊತ್ತಾಯ್ತು, ಫ್ಯಾನ್ ಇಳಿಸ್ಲೇಬೇಕು. ಪಕ್ಕದ್ಮನೆ ಅಂಕಲ್ ಏಣಿ ಕೊಟ್ರು, ಏಣಿ ಹಿಡ್ಕೊಳಕ್ಕೆ ತಾವೂ ಬಂದ್ರು, ಸಲಹೆನೂ ಫ್ರೀ. ಮೇಲಿನ ಕಪ್ ಜಾರಿಸಿ ನೋಡ್ತೀನಿ, ಹುಕ್ಕಿನ ಮೇಲೆ ಕೂರೋ ರಬ್ಬರ್ ಒಣಗಿದ ಚಕ್ಕುಲಿ ಥರ ಮುಟ್ಟಿದ್ರೆ ಉದುರ್ತಿದೆ. ಅದಕ್ಕಿಂತ ಗಾಬರಿ ಆಗಿದ್ದು ಬೋಲ್ಟ್ ನೋಡಿ. ಆ ಬೋಲ್ಟ್ ತುದೀಲಿ ಒಂದು ತೂತು ಇರುತ್ತೆ, ನಟ್ ತಿರುಗಿ ಬಿಚ್ಕೊಂಡು ಬರದೇ ಇರ್ಲಿ ಅಂತ ಅದರಲ್ಲಿ ಸ್ಪ್ಲಿಟ್ ಪಿನ್ ತೂರ್ಸಿ ಎರಡು ಕಾಲನ್ನೂ ಅಗಲಿಸ್ಬೇಕು. ನಮ್ದರಲ್ಲಿ ಪಿನ್ ಬದಲು ಒಂದಿಂಚಿನ ಮೊಳೆ, ಬಗ್ಗಿಸಿರೋದು, ತುಕ್ಕು ಹಿಡಿದು ಅರ್ಧ ಸವೆದಿದೆ, ನಟ್ ಆಗ್ಲೇ ಎರಡು ಸುತ್ತು ಸಡಿಲ. ಪೇಂಟಿಂಗ್ ಮಾಡ್ಸಿದಾಗ ಫ್ಯಾನುಗಳನ್ನ ಇಳ್ಸಿ ಹತ್ತಿಸಿದ್ದ ಪುಣ್ಯಾತ್ಮನ ಕೈಚಳಕ. ನಾನು ದಿನಾ ರಾತ್ರಿ ಚಾಪೆ ಹಾಸ್ಕೊಂಡು ಮಲಗೋದು ಸರಿಯಾಗಿ ಅದರ ಕೆಳಗೇ. ಅಂಕಲ್ ಏಣಿ ಹಿಡಿದಿದ್ದೋರು ಒಂದು ಹೆಜ್ಜೆ ಪಕ್ಕಕ್ಕೆ ಸರಿದ್ರು.

ಮೋಟರ್ ಬಿಚ್ಚೋಕ್ಕೆ ಮುಂಚೆ ಎರಡು ಮುಚ್ಚಳ ಸೇರೋ ಜಾಗದಲ್ಲಿ ಮಾರ್ಕರಲ್ಲಿ ಒಂದು ಗೆರೆ ಎಳ್ಕೊಂಡೆ. ಒಳಗೆ ಗ್ರೀಸ್ ಅನ್ನೋದು ಕಪ್ಪು ಹುಡಿ ಆಗಿತ್ತು. ಗ್ಯಾರೇಜ್ ಇಟ್ಕೊಂಡಿರೋ ಸ್ನೇಹಿತನ ಹತ್ರ ಪುಲ್ಲರ್ ಇಸ್ಕೊಂಡು ಬೇರಿಂಗ್ ತೆಗ್ದೆ, ಒಂದರ ನಂಬರ್ 6202, ಇನ್ನೊಂದರದು 6201. (ಮೊದಲನೇದರ ಒಳತೂತು 15 ಎಂಎಂ, ಎರಡನೇದು 12.) ಎರಡನ್ನೂ ಜೇಬಿಗೆ ಹಾಕ್ಕೊಂಡು ಮಾರ್ಕೆಟ್ ಬಸ್ ಹತ್ತಿ ಬಿಡಿಭಾಗದ ಅಂಗಡಿಗಳಿರೋ ಎಸ್‌ಜೆಪಿ ರೋಡ್. ಅಂಗಡಿಯೋರು ಹಳೇದನ್ನ ಬೆರಳಲ್ಲಿ ಒಂದ್ಸಲ ತಿರುಗ್ಸಿ ಕಿವಿ ಹತ್ರ ಇಟ್ಕೊಂಡು, "ಫ್ಯಾನಾ ಸರ್? ಲೋಕಲ್ ಕೊಡ್ಲಾ, ಕಂಪ್ನಿದು ಕೊಡ್ಲಾ?" ಅಂದ್ರು. ಕಂಪ್ನಿದೇ ತಗೊಂಡೆ, ಝಡ್‌ ಝಡ್ ಅಂತ ಬರ್ದಿರೋದು, ಅಂದ್ರೆ ಎರಡೂ ಕಡೆ ತಗಡಿನ ಮುಚ್ಚಳ, ಧೂಳು ಸುಲಭಕ್ಕೆ ಹೋಗಲ್ಲ. ಅಲ್ಲೇ ಹತ್ರದ ಹಾರ್ಡ್‌ವೇರ್ ಅಂಗಡೀಲಿ ಹೊಸ ರಬ್ಬರ್, ಮೂರು ಸ್ಪ್ಲಿಟ್ ಪಿನ್.

ಕೂರಿಸುವಾಗ ಸುತ್ತಿಗೇಲಿ ನೇರ ಹೊಡೀಬಾರ್ದು. ಒಳಗಿನ ರಿಂಗಿಗೆ ಮಾತ್ರ ತಾಗೋ ಅಳತೆಯ ಪೈಪ್ ತುಂಡು ಇಟ್ಟು ಮೆಲ್ಲಗೆ ತಟ್ಟಿ ಶಾಫ್ಟಿಗೆ ಇಳ್ಸಿದೆ, ಹೊರಗಿನ ರಿಂಗಿಗೆ ಹೊಡೆದ್ರೆ ಏಟೆಲ್ಲಾ ಒಳಗಿನ ಗುಂಡುಗಳ ಮೇಲೆ ಬಿದ್ದು ಹೊಸ ಬೇರಿಂಗೇ ಸದ್ದು ಮಾಡುತ್ತೆ.

ಭಾನುವಾರ

ಫ್ಯಾನ್ ಮೇಲೆ ಹತ್ತಿತು. ಕರ್ರ್ ಪೂರ್ತಿ ಮಾಯ. ಆದ್ರೆ ಮೂರಕ್ಕಿಟ್ರೆ ಸಾಕು, ಉತ್ಸವದ ತೇರಿನ ಥರ ಓಲಾಡ್ತಿದೆ! ಒಂದು ಉದ್ದ ಕಡ್ಡಿಯನ್ನ ಸೂರಿಗೆ ಆನಿಸಿಟ್ಟು ರೆಕ್ಕೆಗಳನ್ನ ಒಂದೊಂದಾಗಿ ಅದರ ಹತ್ರ ತಂದು ತುದಿಯ ಎತ್ತರ ಅಳತೆ ಮಾಡ್ದೆ, ಎಲ್ಲಾ ಎರಡು ಎಂಎಂ ಒಳಗೇ ಇದೆ. ರೆಕ್ಕೆ ಮೇಲೆ ಟೇಪಲ್ಲಿ ಒಂದು ರೂಪಾಯಿ ನಾಣ್ಯ ಅಂಟಿಸ್ದೆ, ಜಾಗ ಬದ್ಲಾಯಿಸ್ದೆ, ಎರಡು ನಾಣ್ಯ ಮಾಡ್ದೆ, ಹತ್ತಿ ಇಳಿದು ಮೊಣಕಾಲು ನೋವು ಬಂತೇ ಹೊರತು ಓಲಾಟ ನಿಲ್ಲಲಿಲ್ಲ.

ರಾತ್ರಿ ಹಾಲ್ ಬಿಟ್ಟು ರೂಮಲ್ಲಿ ಮಲಗುವಾಗ ನಮ್ಮನೆಯವಳು ಅಲ್ಲಿನ ಫ್ಯಾನ್ ನೋಡಿ, "ರೀ, ಈ ಫ್ಯಾನ್ಯಾಕೆ ತಲೆ ಆಡಿಸ್ತಿದೆ, ಇದನ್ನ ನೀವು ಮುಟ್ಲೇ ಇಲ್ವಲ್ಲ?"

ಮುಟ್ಟಿದ್ದೆ! ಇದರ ರೆಕ್ಕೆಗಳನ್ನೂ ಬಿಚ್ಚಿ ಹಾಲ್ ಫ್ಯಾನ್ ರೆಕ್ಕೆ ಜೊತೆ ಬಚ್ಚಲಲ್ಲಿ ಸೋಪ್ ಹಾಕಿ ತೊಳೆದಿದ್ದೆ. ಎರಡೂ ಒಂದೇ ಕಂಪ್ನಿ, ಒಂದೇ ಕಂದು, ಸ್ಕ್ರೂ ತೂತೂ ಒಂದೇ. ಎದ್ದು ಲೈಟ್ ಹಾಕಿ ಆರೂ ಬಿಚ್ಚಿ ಅಡುಗೆಮನೆ ತಕ್ಕಡೀಲಿ ಇಟ್ಟೆ. ನಾಲ್ಕು ರೆಕ್ಕೆ ಅಲ್ಲೂ ಇಲ್ಲೂ ಸೇರ್ಕೊಂಡು ಬೆರೆತಿತ್ತು: ಮೂರು 212ರ ಆಸುಪಾಸು, ಮೂರು 240ರ ಆಸುಪಾಸು. ಫ್ಯಾಕ್ಟರೀಲಿ ಮೂರನ್ನೂ ತೂಕ ಹೊಂದಿಸಿ ಸೆಟ್ ಮಾಡಿ ಕಳ್ಸಿರ್ತಾರೆ. 28 ಗ್ರಾಂ ಅಂದ್ರೆ ಏನು ಮಹಾ ಅನ್ಸುತ್ತೆ, ಅದು ರೆಕ್ಕೆ ಉದ್ದಕ್ಕೂ ಹರಡ್ಕೊಂಡು ನಿಮಿಷಕ್ಕೆ ಮುನ್ನೂರು ಚಿಲ್ಲರೆ ಸುತ್ತು ಸುತ್ತುವಾಗ ಎರಡು ನಾಣ್ಯಕ್ಕೆ ಬಗ್ಗೋ ವಿಷಯ ಅಲ್ಲ. ಅವರವರ ರೆಕ್ಕೆ ಅವರವರಿಗೆ ಕೊಟ್ಟೆ, ಎರಡೂ ಫ್ಯಾನ್ ಗಪ್‌ಚುಪ್. ಈಗ ರೆಕ್ಕೆ ಬುಡದಲ್ಲಿ ಹಾ 1, ಹಾ 2, ಹಾ 3, ರೂ 1 ಅಂತೆಲ್ಲಾ ಬರೆದಾಗಿದೆ.

ಇಷ್ಟೆಲ್ಲಾ ಯಾಕೆ, ಬಿಎಲ್‌ಡಿಸಿ (ಕಮ್ಮಿ ಕರೆಂಟ್ ಎಳೆಯೋ ಹೊಸ ಥರದ ಮೋಟರ್) ಫ್ಯಾನ್ ತಗೊಳ್ಳಿ ಅಂತ ಆಫೀಸಲ್ಲಿ ಹೇಳಿದ್ರು. ಲೆಕ್ಕ ಸರಿನೇ, ನಮ್ದು 75 ವ್ಯಾಟ್, ಅದು 28, ದಿನಕ್ಕೆ ಹತ್ತು ಗಂಟೆ ಹಾಕಿದ್ರೆ ತಿಂಗಳಿಗೆ 14 ಯೂನಿಟ್ ಉಳಿಯುತ್ತೆ. ಆದ್ರೆ ಗೃಹಜ್ಯೋತಿ ಬಂದ್ಮೇಲೆ ನಮ್ಮನೆ ಬಿಲ್ಲೇ ಸೊನ್ನೆ, ಹೊಸ ಫ್ಯಾನಿನ ದುಡ್ಡು ವಾಪಸ್ ಬರೋದು ಯಾವ ಕಾಲಕ್ಕೆ?

ಸೋಮವಾರ ಬೆಳಗ್ಗೆ

ಏಣಿ ವಾಪಸ್ ಕೊಡೋಕೆ ಮುಂಚೆ ರೂಮಿನ ಫ್ಯಾನ್ ಕಪ್ ಕೂಡ ಇಳ್ಸಿ ನೋಡ್ದೆ. ಅಲ್ಲೂ ಮೊಳೆ. ಪಿನ್ ಹಾಕ್ದೆ. ಇನ್ನೊಂದು ಪಿನ್ ಉಳಿದಿದೆ, ಮೇಲ್ಗಡೆ ಬಾಡಿಗೆಯೋರ ಹಾಲಲ್ಲೂ ಫ್ಯಾನ್ ಹತ್ತಿಸಿದ್ದು ಅದೇ ಮನುಷ್ಯ. ಅವರು ಊರಿಂದ ಬರೋದು ಬುಧವಾರ, ಅಲ್ಲೀವರೆಗೂ ಏಣಿ ನಮ್ಮನೇಲೇ ಇರ್ಲಿ ಅಂತ ಅಂಕಲ್‌ಗೆ ಹೇಳಿದೀನಿ.