ಕಂಟ್ರಿ ಸಂಗೀತ ಬಿಳಿಯರ ಹಾಡಲ್ಲವೇ?

ನಾನು ಕಂಟ್ರಿ ಹಾಡುಗಳನ್ನು ಕೇಳುತ್ತೇನೆ ಎಂದು ಗೊತ್ತಾದವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಅದು ಅಮೆರಿಕದ ಬಿಳಿಯರ, ಅದರಲ್ಲೂ ದಕ್ಷಿಣದ ಹಳೆಯ ಕಾಲದ ಬಿಳಿಯರ ಸಂಗೀತವಲ್ಲವೇ? ನಿಮಗೇಕೆ ಅದರ ಹುಚ್ಚು?” ಕೆಲವರು ಎತ್ತಣ ಮಾಮರ, ಎತ್ತಣ ಕೋಗಿಲೆ ಎಂದು ನಗುತ್ತಾರೆ. ಮನೆಯಲ್ಲಿ ಕಂಟ್ರಿ ಗಾಯಕ ಜಿಮ್ ರೀವ್ಸ್ ಹಾಡು ಕೇಳುತ್ತಲೇ ಬೆಳೆದ ಹಿರಿಯರೂ ಇದೇ ಮಾತನ್ನು ಕೇಳಿದಾಗ ಮಾತ್ರ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಎಲ್ಲರಿಗೂ ನನ್ನ ಉತ್ತರ ಒಂದೇ, ಚಾರ್ಲಿ ಪ್ರೈಡ್. ಬರೀ ಹೆಸರು ಹೇಳಿದರೆ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಈ ಬಾರಿ ಬಿಡಿಸಿ ಬರೆಯುತ್ತಿದ್ದೇನೆ.

ಕಂಟ್ರಿ ಗಾಯಕ ಪ್ರೈಡ್ ಹುಟ್ಟಿದ್ದು 1934ರಲ್ಲಿ, ಮಿಸಿಸಿಪಿ ರಾಜ್ಯದ ಸ್ಲೆಡ್ಜ್ ಎಂಬ ಸಣ್ಣ ಊರಿನಲ್ಲಿ. ಬೇರೆಯವರ ಹೊಲವನ್ನು ಕೋರಿಗೆ ಮಾಡುತ್ತಿದ್ದ ಕಪ್ಪು ವರ್ಣೀಯರ ಮನೆ. ಹನ್ನೊಂದು ಮಕ್ಕಳು, ಎಲ್ಲರಿಗೂ ಹತ್ತಿ ಬಿಡಿಸುವ ಕೆಲಸ. ಆ ಸೀಮೆ ಕಪ್ಪು ವರ್ಣೀಯರ ಬ್ಲೂಸ್ ಸಂಗೀತದ ತವರು. ಆದರೆ ಈ ಮನೆಯ ಫಿಲ್ಕೊ ರೇಡಿಯೊದಲ್ಲಿ ಅಪ್ಪ ಹಾಕುತ್ತಿದ್ದದ್ದು ಕಂಟ್ರಿಯ ಕೇಂದ್ರವಾದ ನ್ಯಾಶ್‌ವಿಲ್ ನಗರದಿಂದ ಬರುತ್ತಿದ್ದ ‘ಗ್ರ್ಯಾಂಡ್ ಓಲ್ ಓಪ್ರಿ’ ಎಂಬ ಕಂಟ್ರಿ ಸಂಗೀತದ ಕಾರ್ಯಕ್ರಮ. ಹುಡುಗ ಕಿವಿಗೆ ಬಿದ್ದದ್ದನ್ನೇ ಹಾಡಿದ. ಹದಿನಾಲ್ಕರ ವಯಸ್ಸಿನಲ್ಲಿ ಸಿಯರ್ಸ್ ಕಂಪನಿಯ ಗಿಟಾರ್ ಒಂದನ್ನು ಕೊಂಡು, ರೇಡಿಯೊ ಕೇಳಿಕೊಂಡೇ ನುಡಿಸುವುದನ್ನು ಕಲಿತ. ಬೇರೆ ಗುರುಗಳಿರಲಿಲ್ಲ.

ಆದರೂ ಆಗ ಅವನ ಕನಸು ಹಾಡುವುದಲ್ಲ, ಬೇಸ್‌ಬಾಲ್. 1947ರಲ್ಲಿ ಕಪ್ಪು ವರ್ಣೀಯ ಆಟಗಾರ ಜಾಕಿ ರಾಬಿನ್‌ಸನ್ ಬಿಳಿಯರ ಲೀಗ್‌ಗೆ ಕಾಲಿಟ್ಟ ಮೇಲೆ ಹತ್ತಿ ಹೊಲದಿಂದ ಹೊರಗೆ ಹೋಗುವ ದಾರಿ ಯಾವುದು ಎಂಬುದು ಆ ತಲೆಮಾರಿನ ಹುಡುಗರಿಗೆ ಸ್ಪಷ್ಟವಾಗಿತ್ತು. ಪ್ರೈಡ್ ಕಪ್ಪು ವರ್ಣೀಯರ ಲೀಗ್‌ನ ಮೆಂಫಿಸ್ ರೆಡ್ ಸಾಕ್ಸ್ ತಂಡದಲ್ಲಿ ಚೆಂಡು ಎಸೆಯುವ ಪಿಚರ್ ಆಗಿ ಆಡಿದರು. ಒಂದು ತಂಡ ಅವರನ್ನೂ ಜೊತೆಗಾರನೊಬ್ಬನನ್ನೂ ಇನ್ನೊಂದು ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಹಳೆಯ ಬಸ್ಸೊಂದನ್ನು ಕೊಂಡಿತ್ತು. ಇದನ್ನು ಪ್ರೈಡ್ ಮುಂದೆ ನಗುತ್ತಲೇ ಹೇಳಿಕೊಳ್ಳುತ್ತಿದ್ದರು.

1960ರ ಹೊತ್ತಿಗೆ ಅವರು ಉತ್ತರದ ಮೊಂಟಾನಾ ರಾಜ್ಯದಲ್ಲಿದ್ದರು. ಈಸ್ಟ್ ಹೆಲೆನಾದ ಸೀಸ ಕರಗಿಸುವ ಕಾರ್ಖಾನೆಯಲ್ಲಿ ಕುಲುಮೆಗೆ ಕಲ್ಲಿದ್ದಲು ತುಂಬುವ ಕೆಲಸ. ಮೈಮೇಲೆ ಸುಟ್ಟ ಗಾಯಗಳು ಮಾಮೂಲು. ಕಾರ್ಖಾನೆಯ ತಂಡಕ್ಕೆ ಬೇಸ್‌ಬಾಲ್ ಆಡಿದರೆ ಪಂದ್ಯಕ್ಕೆ ಹತ್ತು ಡಾಲರ್ ಸಿಗುತ್ತಿತ್ತು. ಇವರ ಕಂಠ ಕೇಳಿದ ವ್ಯವಸ್ಥಾಪಕ, ಆಟಕ್ಕೆ ಮುಂಚೆ ಕಾಲು ಗಂಟೆ ಹಾಡಿದರೆ ಇನ್ನೂ ಹತ್ತು ಡಾಲರ್ ಕೊಡುವುದಾಗಿ ಹೇಳಿದ. ಹಾಡು ಕೇಳಲೆಂದೇ ಜನ ಹೆಚ್ಚಾದರು. ರೆಡ್ ಫೋಲಿ, ರೆಡ್ ಸೋವೈನ್ ಎಂಬ ಹೆಸರಾಂತ ಗಾಯಕರು ಆ ಕಡೆಗೆ ಬಂದಾಗ ಇವರ ಹಾಡು ಕೇಳಿ, ನ್ಯಾಶ್‌ವಿಲ್‌ಗೆ ಹೋಗು ಎಂದರು. ಪ್ರೈಡ್ ಮೊದಲು ಹೋದದ್ದು ಫ್ಲಾರಿಡಾಕ್ಕೆ, ನ್ಯೂಯಾರ್ಕ್ ಮೆಟ್ಸ್ ಎಂಬ ಬೇಸ್‌ಬಾಲ್ ತಂಡದಲ್ಲಿ ಜಾಗ ಕೇಳಲು! ಅಲ್ಲಿ ಕೆಲಸವಾಗಲಿಲ್ಲ. ಹಿಂದಿರುಗುವ ದಾರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ಇಳಿದರು.

ಇಲ್ಲಿಂದಲೇ ನನ್ನ ಉತ್ತರದ ಮುಖ್ಯ ಭಾಗ. ಜ್ಯಾಕ್ ಕ್ಲೆಮೆಂಟ್ ಎಂಬ ನಿರ್ಮಾಪಕರು 1965ರಲ್ಲಿ ಪ್ರೈಡ್ ಅವರ ಹಾಡುಗಳನ್ನು ಧ್ವನಿಮುದ್ರಿಸಿದರು. ಆರ್‌ಸಿಎ ಕಂಪನಿಯ ಚೆಟ್ ಆಟ್ಕಿನ್ಸ್ ಒಪ್ಪಂದ ಮಾಡಿಕೊಂಡರು. 1966ರ ಆರಂಭದಲ್ಲಿ ಮೊದಲ ರೆಕಾರ್ಡ್ ರೇಡಿಯೊ ಕೇಂದ್ರಗಳಿಗೆ ಹೋಯಿತು, ಫೋಟೊ ಇಲ್ಲದೆ. ಸಾಮಾನ್ಯವಾಗಿ ಹೊಸ ಗಾಯಕರ ರೆಕಾರ್ಡಿನ ಜೊತೆಗೆ ಚಿತ್ರ, ಪರಿಚಯ ಎಲ್ಲವನ್ನೂ ಕಳುಹಿಸುತ್ತಿದ್ದರು. ಇವರದ್ದರಲ್ಲಿ ಇದ್ದದ್ದು ‘ಕಂಟ್ರಿ ಚಾರ್ಲಿ ಪ್ರೈಡ್’ ಎಂಬ ಹೆಸರು ಮಾತ್ರ. ಕೇಳುಗರಿಗೆ ತಲುಪಿದ್ದು ಧ್ವನಿ ಒಂದೇ. ತುಂಬು ಗಂಟಲು, ಸಾಲಿನ ಕೊನೆಯನ್ನು ಎಳೆಯದೆ ಅಚ್ಚುಕಟ್ಟಾಗಿ ಇಳಿಸುವ ರೀತಿ. ಅವರು ಬಿಳಿಯರಲ್ಲ ಎಂದು ಯಾರಿಗೂ ಅನಿಸಲಿಲ್ಲ. ಆ ವರ್ಷದ ಕೊನೆಗೆ ಬಂದ ಮೂರನೆಯ ರೆಕಾರ್ಡ್ ಮೊದಲ ಹತ್ತರ ಪಟ್ಟಿಗೆ ಏರಿತು.

ಅದೇ ವರ್ಷ ಡೆಟ್ರಾಯಿಟ್‌ನ ಒಲಿಂಪಿಯಾ ಸ್ಟೇಡಿಯಂನಲ್ಲಿ ಅವರ ಮೊದಲ ದೊಡ್ಡ ಕಾರ್ಯಕ್ರಮ. ಸುಮಾರು ಹತ್ತು ಸಾವಿರ ಜನ, ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಹೆಸರು ಕರೆದೊಡನೆ ಚಪ್ಪಾಳೆ ಮೊಳಗಿತು, ರೇಡಿಯೊದಲ್ಲಿ ಕೇಳಿದ ಗಂಟಲಿಗೆ ಕೊಟ್ಟ ಚಪ್ಪಾಳೆ. ಪ್ರೈಡ್ ಬೆಳಕಿಗೆ ಬಂದರು. ಚಪ್ಪಾಳೆ ಕ್ಷೀಣಿಸಿ ನಿಂತೇಹೋಯಿತು. ಅವರು ಮೈಕ್ ಮುಂದೆ ನಿಂತು, ಈ ಶಾಶ್ವತವಾಗಿ ಬಿಸಿಲಿಗೆ ಕಂದಿದ ಮೈ ಹೊತ್ತುಕೊಂಡು ಕಂಟ್ರಿ ಹಾಡಲು ಬಂದಿರುವುದು ಸ್ವಲ್ಪ ವಿಚಿತ್ರವೇ ಎಂಬುದು ತನಗೂ ಗೊತ್ತು ಎಂದರು. ಜನ ನಕ್ಕರು, ಮತ್ತೆ ಚಪ್ಪಾಳೆ ತಟ್ಟಿದರು. ಅವರು ಹಾಡಿದರು. ಇದೇ ನಗೆಮಾತನ್ನು ಮುಂದೆ ಬೇರೆ ಬೇರೆ ವೇದಿಕೆಗಳಲ್ಲೂ ಬಳಸಿಕೊಂಡರು.

ಆ ನಗೆಮಾತಿನ ಬಗ್ಗೆ ತಕರಾರು ಎತ್ತುವವರಿದ್ದಾರೆ. ನಾಗರಿಕ ಹಕ್ಕುಗಳ ಹೋರಾಟ ನಡೆಯುತ್ತಿದ್ದ ಕಾಲದಲ್ಲಿ ಪ್ರೈಡ್ ಬಿಳಿಯರನ್ನು ನಗಿಸಿ ತನ್ನ ಕೆಲಸ ನೋಡಿಕೊಂಡರು, ಬಣ್ಣದ ವಿಷಯದಲ್ಲಿ ಬಾಯಿ ಬಿಡಲಿಲ್ಲ ಎಂಬ ಆರೋಪ. ನಾನು ಇದನ್ನು ಒಪ್ಪುವುದಿಲ್ಲ. ಆ ಸ್ಟೇಡಿಯಂನಲ್ಲಿ ಒಬ್ಬರೇ ನಿಂತಿದ್ದವರು ಅವರು. ಆ ಹತ್ತು ಸಾವಿರ ಜನ ಮೆಚ್ಚಿಕೊಂಡಿದ್ದ ಧ್ವನಿ ಯಾರದ್ದು ಎಂಬುದನ್ನು ಅವರ ಎದುರಿಗೇ ನಿಂತು ತೋರಿಸಿದ್ದು ಯಾವ ಭಾಷಣಕ್ಕೂ ಕಡಿಮೆಯಲ್ಲ.

ಈಗ ಪ್ರಶ್ನೆಯ ಬುಡಕ್ಕೆ ಬರೋಣ. ಕಂಟ್ರಿ ಬಿಳಿಯರದ್ದು ಎಂದು ತೀರ್ಮಾನಿಸಿದವರು ಯಾರು? ಕಂಟ್ರಿಯಲ್ಲಿ ಬಳಸುವ ಬ್ಯಾಂಜೊ ಎಂಬ ತಂತಿವಾದ್ಯದ ಮೂಲ ಆಫ್ರಿಕಾದ್ದು, ಗುಲಾಮರಾಗಿ ಬಂದವರ ಕೈಯಲ್ಲಿ ಅಮೆರಿಕದಲ್ಲಿ ಬೆಳೆದದ್ದು. ಹೆಸರಾಂತ ಬಿಳಿಯ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್‌ಗೆ ಬಾಲ್ಯದಲ್ಲಿ ಗಿಟಾರ್ ಹೇಳಿಕೊಟ್ಟವರು ರೂಫಸ್ ಪೇನ್ ಎಂಬ ಕಪ್ಪು ವರ್ಣೀಯ ಬೀದಿ ಗಾಯಕ. ದಕ್ಷಿಣದ ಹಳ್ಳಿಗಳಲ್ಲಿ ಎರಡೂ ಕಡೆಯವರು ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುತ್ತಲೇ ಇದ್ದರು. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಮಾರುವ ಅನುಕೂಲಕ್ಕಾಗಿ ಕಪ್ಪು ವರ್ಣೀಯರಿಗೆ ಒಂದು ಪಟ್ಟಿ, ಗುಡ್ಡಗಾಡಿನ ಬಿಳಿಯರಿಗೆ ಇನ್ನೊಂದು ಪಟ್ಟಿ ಎಂದು ವಿಂಗಡಿಸಿದವು. ಒಂದೇ ಬಾವಿಯ ನೀರನ್ನು ಎರಡು ಕೊಡಗಳಲ್ಲಿ ತುಂಬಿ ಎರಡು ಹೆಸರಿಟ್ಟು ಮಾರಿದಂತೆ. ಎರಡನೆಯ ಪಟ್ಟಿಯೇ ಬೆಳೆದು ಕಂಟ್ರಿ ಎನಿಸಿಕೊಂಡಿತು. ಹಾಡಿಗೆ ಬಣ್ಣ ಬಳಿದದ್ದು ವ್ಯಾಪಾರಿಗಳ ಲೆಕ್ಕದ ಪುಸ್ತಕ. ನಾಲ್ಕು ದಶಕಗಳ ಮೇಲೆ ಅದೇ ವ್ಯಾಪಾರಿಗಳು ಫೋಟೊ ಮುಚ್ಚಿಟ್ಟು ಪ್ರೈಡ್ ಅವರ ರೆಕಾರ್ಡ್ ಕಳುಹಿಸಿದಾಗ, ಕಿವಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ ಎಂಬುದಕ್ಕೆ ತಾವೇ ಸಾಕ್ಷಿ ಒದಗಿಸಿದರು.

ಓಪ್ರಿಯ ಮೊದಲ ತಾರೆಗಳಲ್ಲಿ ಒಬ್ಬರಾದ ಡಿಫೋರ್ಡ್ ಬೈಲಿ ಕೂಡ ಕಪ್ಪು ವರ್ಣೀಯರೇ. ಬಾಯಿಯಲ್ಲಿ ಊದುವ ಹಾರ್ಮೋನಿಕಾದಲ್ಲಿ ರೈಲು ಓಡುವ ಸದ್ದನ್ನೇ ನುಡಿಸುತ್ತಿದ್ದರು. 1941ರಲ್ಲಿ ಅವರನ್ನು ತೆಗೆದುಹಾಕಿದರು. ಮುಂದೆ ನ್ಯಾಶ್‌ವಿಲ್‌ನಲ್ಲೇ ಶೂ ಪಾಲಿಶ್ ಅಂಗಡಿ ನಡೆಸಿ ಬದುಕಿದರು. 1967ರ ಜನವರಿಯಲ್ಲಿ ಪ್ರೈಡ್ ಓಪ್ರಿ ವೇದಿಕೆ ಹತ್ತಿದಾಗ ಬೈಲಿ ಅದೇ ಊರಿನಲ್ಲಿದ್ದರು.

ಉಳಿದ ಯಶಸ್ಸನ್ನು ಬೇಗ ಹೇಳಿ ಮುಗಿಸುತ್ತೇನೆ. 1969ರಿಂದ 1983ರವರೆಗೆ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ 29 ಹಾಡುಗಳು ಮೊದಲ ಸ್ಥಾನಕ್ಕೆ ಬಂದವು. 1971ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಕಲಾವಿದ ಪ್ರಶಸ್ತಿ, 2000ದಲ್ಲಿ ಕಂಟ್ರಿ ಸಂಗೀತದ ಹಾಲ್ ಆಫ್ ಫೇಮ್ ಗೌರವ. ಬೇಸ್‌ಬಾಲ್ ಆಸೆಯೂ ಪೂರ್ತಿ ವ್ಯರ್ಥವಾಗಲಿಲ್ಲ. ಆಟಗಾರನಾಗಿ ಸಿಗದ ಮೇಜರ್ ಲೀಗ್‌ಗೆ ಟೆಕ್ಸಸ್ ರೇಂಜರ್ಸ್ ತಂಡದ ಪಾಲುದಾರನಾಗಿ ಹೋದರು. ತಮಗಿದ್ದ ಮಾನಸಿಕ ಕಾಯಿಲೆಯ ಬಗ್ಗೆ 1994ರ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. 2020ರ ನವೆಂಬರ್‌ನಲ್ಲಿ ಜೀವಮಾನ ಸಾಧನೆಯ ಪ್ರಶಸ್ತಿ ಪಡೆದು ವೇದಿಕೆಯಲ್ಲಿ ಹಾಡಿದರು. ಡಿಸೆಂಬರ್ 12ರಂದು ಕೋವಿಡ್‌ನಿಂದ ತೀರಿಕೊಂಡರು.

ಆದರೆ ಬೆಲ್‌ಫಾಸ್ಟ್ ವಿಷಯವನ್ನು ಹೇಳದೆ ಬಿಡಲಾರೆ. ಬೆಲ್‌ಫಾಸ್ಟ್ ರಾಜಧಾನಿಯಾಗಿರುವ ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಸಮುದಾಯಗಳ ನಡುವೆ ರಕ್ತ ಹರಿಯುತ್ತಿದ್ದ ದಿನಗಳು. 1975ರಲ್ಲಿ ಮಯಾಮಿ ಶೋಬ್ಯಾಂಡ್ ಎಂಬ ವಾದ್ಯವೃಂದದ ಮೂವರನ್ನು ರಸ್ತೆಯಲ್ಲಿ ತಡೆದು ಕೊಂದಿದ್ದರು. ಹೊರಗಿನ ಕಲಾವಿದರು ಆ ಊರಿನ ಹೆಸರು ಕೇಳಿದರೆ ಹಿಂಜರಿಯುತ್ತಿದ್ದರು. ಮರುವರ್ಷ ಪ್ರೈಡ್ ಹೋಗಿ ರಿಟ್ಜ್ ಚಿತ್ರಮಂದಿರದಲ್ಲಿ ಹಾಡಿದರು. ಎರಡೂ ಸಮುದಾಯದವರು ಬಂದರು. ‘ಕ್ರಿಸ್ಟಲ್ ಶ್ಯಾಂಡಲಿಯರ್ಸ್’ ಎಂಬ ಅವರ ಹಾಡು ಅಮೆರಿಕಕ್ಕಿಂತ ಅಲ್ಲಿಯೇ ಹೆಚ್ಚು ಜನಪ್ರಿಯ. ಎರಡೂ ಪಾಳೆಯದವರು ಅದನ್ನು ತಮ್ಮದು ಮಾಡಿಕೊಂಡರು. ಅವರ ಭೇಟಿಯ ನಂತರ ಬೇರೆ ಕಲಾವಿದರೂ ಬರತೊಡಗಿದರು.

ಇಷ್ಟು ಹೇಳಿದ ಮೇಲೆ ಕೆಲವರು, “ಹಾಗಾದರೆ ನ್ಯಾಶ್‌ವಿಲ್ ಬಾಗಿಲು ತೆರೆದೇ ಇತ್ತಲ್ಲ” ಎನ್ನುತ್ತಾರೆ. ಇಲ್ಲ. 1983ರಲ್ಲಿ ಪ್ರೈಡ್ ಅವರ ಕೊನೆಯ ನಂಬರ್ ಒನ್ ಹಾಡು ಬಂತು. ಮತ್ತೊಬ್ಬ ಕಪ್ಪು ವರ್ಣೀಯ ಗಾಯಕ, ಡೇರಿಯಸ್ ರಕರ್, ಒಬ್ಬರೇ ಹಾಡಿದ ಹಾಡಿನಿಂದ ಆ ಸ್ಥಾನಕ್ಕೆ ಬಂದದ್ದು 2008ರಲ್ಲಿ. ಒಬ್ಬನನ್ನು ಒಳಗೆ ಬಿಟ್ಟುಕೊಂಡು, ಅವನನ್ನೇ ತೋರಿಸಿ ಇಪ್ಪತ್ತೈದು ವರ್ಷ ಸುಮ್ಮನಿದ್ದರು ಎಂಬುದು ನನ್ನ ಅಭಿಪ್ರಾಯ. 2024ರಲ್ಲಿ ಕಪ್ಪು ವರ್ಣೀಯ ಪಾಪ್ ಗಾಯಕಿ ಬಿಯೊನ್ಸೆ ಕಂಟ್ರಿ ಆಲ್ಬಂ ಮಾಡಿದಾಗಲೂ ಇದು ಕಂಟ್ರಿಯೇ ಹೌದೇ ಎಂಬ ಚರ್ಚೆ ನಡೆಯಿತು. ಪ್ರೈಡ್‌ಗೂ ಪತ್ರಕರ್ತರು ಜೀವನವಿಡೀ ಕೇಳಿದ್ದು ಒಂದೇ ಪ್ರಶ್ನೆ: ಮೊದಲ ಕಪ್ಪು ಕಂಟ್ರಿ ಗಾಯಕನಾಗಿ ಹೇಗನಿಸುತ್ತದೆ? ಕಾಲಕಾಲಕ್ಕೆ ತನ್ನ ಜನಾಂಗವನ್ನು ಕರೆಯುವ ಹೆಸರು ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ ಎಂದು ಅವರು ಚುಚ್ಚಿದ್ದುಂಟು.

ಎಲ್ಲಿಂದ ಶುರುಮಾಡಬೇಕು ಎಂದು ಕೇಳುವವರಿಗೆ: ಟೆಕ್ಸಸ್‌ನ ಫೋರ್ಟ್‌ವರ್ತ್‌ನ ಪ್ಯಾಂಥರ್ ಹಾಲ್‌ನಲ್ಲಿ ಪ್ರೇಕ್ಷಕರ ಮುಂದೆ ಧ್ವನಿಮುದ್ರಿಸಿದ ಅವರ ಆಲ್ಬಂ ಇದೆ, 1960ರ ದಶಕದ ಕೊನೆಯದ್ದು. ಅದರಲ್ಲಿ ಹ್ಯಾಂಕ್ ವಿಲಿಯಮ್ಸ್ ಹಾಡುಗಳೂ ಇವೆ. ಸ್ಟುಡಿಯೊ ಹಾಡುಗಳಲ್ಲಿ ಕೆಲವಕ್ಕೆ ಪಿಟೀಲುಗಳ ಸಕ್ಕರೆ ಪಾಕ ಹೆಚ್ಚಾಗಿದೆ. ಅವನ್ನು ಆಮೇಲೆ ಕೇಳಿದರೆ ಸಾಕು.