ಮಳೆಗಾಲಕ್ಕೊಂದು ಹೋಂವರ್ಕ್, ಕೊಯ್ಲಿಗೊಂದು

ಶಾಲೆ ಶುರುವಾಗುವ ಹೊತ್ತಿಗೆ ನಮ್ಮ ಸ್ಟಾಫ್ ರೂಮಿನಲ್ಲಿ ಟೈಮ್‌ಟೇಬಲ್ ಚರ್ಚೆ ಜೋರು. ನಾನು ಮಡಿಕೇರಿ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಮಾಡುತ್ತೇನೆ. ಎಂಟು, ಒಂಬತ್ತು, ಹತ್ತು, ಮೂರೇ ತರಗತಿ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ಸೇರಿ ಎಸ್‌ಎಸ್‌ಎಲ್‌ಸಿಗೆ ಓದುವ ವಿಷಯ ಆರು. ಆಟದ ಪೀರಿಯಡ್ ಕಿತ್ತು ಗಣಿತಕ್ಕೆ ಕೊಡಿ ಎಂದು ನಾನು ಯಾವತ್ತೂ ಕೇಳುವುದಿಲ್ಲ. ಅದು ಮಕ್ಕಳದ್ದು.

ಗಣಿತ ಮೊದಲ ಪೀರಿಯಡ್‌ನಲ್ಲೇ ಇರಬೇಕು, ಬೆಳಿಗ್ಗೆ ತಲೆ ಚುರುಕಾಗಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಚುರುಕಾಗಿರುತ್ತದೆ ನಿಜ, ಆದರೆ ಮಕ್ಕಳು ಬಂದಿರಬೇಕಲ್ವಾ? ರಸ್ತೆಗೆ ಮರ ಬಿದ್ದರೆ ಬಸ್ ತಡ. ತೋಟದ ದಾರಿಯಲ್ಲಿ ಆನೆ ಇದೆ ಎಂದು ಸುದ್ದಿ ಬಂದರೆ ನಡೆದು ಬರುವವರೂ ತಡ. ಹಾಗಾಗಿ ನಾನು ಎರಡನೇ ಪೀರಿಯಡ್ ಕೇಳಿ ತಗೊಳ್ಳುತ್ತೇನೆ.

ಮಳೆ ಜಾಸ್ತಿಯಾದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಆ ಪಾಠವನ್ನು ಮುಂದೆ ಶನಿವಾರ ಮಧ್ಯಾಹ್ನ ಕೂರಿಸಿಯೋ, ಭಾನುವಾರ ಕರೆಸಿಯೋ ತುಂಬಿಸಬೇಕು. ಅದು ಹೇಗೋ ಆಗುತ್ತದೆ. ಕಷ್ಟ ಇರುವುದು ಹೋಂವರ್ಕಿನದ್ದು.

ಜುಲೈಯಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಕೊಡೆ ಹಿಡಿದರೂ ಬ್ಯಾಗ್ ನೆನೆಯುತ್ತದೆ. ನೋಟ್‌ಬುಕ್ ಊದಿಕೊಂಡು ಹಾಳೆಗೆ ಹಾಳೆ ಅಂಟಿರುತ್ತದೆ. ಅದಕ್ಕೇ ಮಳೆಗಾಲದಲ್ಲಿ ನನ್ನ ವಿಷಯದ ನೋಟ್‌ಬುಕ್ ಶಾಲೆಯ ಬೀರುವಿನಲ್ಲೇ ಇರುತ್ತದೆ. ಮನೆಗೆ ಹೋಗುವುದು ಒಂದೇ ಹಾಳೆ, ಅದರಲ್ಲಿ ಮೂರು ಲೆಕ್ಕ. ಮೊದಲನೆಯದನ್ನು ಪೀರಿಯಡ್‌ನ ಕೊನೆಯ ಹತ್ತು ನಿಮಿಷದಲ್ಲಿ ನನ್ನೆದುರೇ ಶುರು ಮಾಡಬೇಕು. ಹಾಳೆ ಮಡಚಿ ಜಾಮಿಟ್ರಿ ಬಾಕ್ಸ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ಪೆನ್ ಬೇಡ, ಪೆನ್ಸಿಲ್. ಶಾಯಿ ನೀರಿಗೆ ಹರಡಿಬಿಡುತ್ತದೆ. ತೋಟದ ಕಾರ್ಮಿಕರ ಸಾಲುಮನೆಯಿಂದ, ಅಂದರೆ ಲೈನ್ ಮನೆಯಿಂದ, ಬರುವ ಒಬ್ಬ ಹುಡುಗಿಯ ಹಾಳೆ ಒಲೆ ಮೇಲೆ ಒಣಗಿಸಿ ಅಂಚೆಲ್ಲ ಕಂದು ಬಣ್ಣವಾಗಿರುತ್ತದೆ, ಹೊಗೆ ವಾಸನೆ ಬೇರೆ. ಆದರೆ ವರ್ಗ ಸಮೀಕರಣದ ಒಂದು ಹೆಜ್ಜೆಯನ್ನೂ ಅವಳು ಹಾರಿಸಿರುವುದಿಲ್ಲ. ಅಂಥ ಹಾಳೆ ಕೈಗೆ ಬಂದಾಗ ತುಂಬಾ ಹೆಮ್ಮೆಯಾಗುತ್ತದೆ.

ಕೆಲವು ಪೋಷಕರು ಮೂರೇ ಲೆಕ್ಕ ಸಾಕಾ ಎಂದು ಕೇಳುತ್ತಾರೆ. ಹತ್ತನೇ ತರಗತಿ ಗಣಿತದ 100ರಲ್ಲಿ 80 ಅಂಕ ಬರವಣಿಗೆ ಪರೀಕ್ಷೆಗೆ, 20 ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಆ 80ಕ್ಕೆ ಬೇಕಾಗಿರುವುದು ತಾನೇ ಕೂತು ಬಿಡಿಸಿದ ಅಭ್ಯಾಸ. ಪಕ್ಕದವನದ್ದು ನೋಡಿ ಬರೆದ ಇಪ್ಪತ್ತು ಲೆಕ್ಕದಿಂದ ಅದು ಬರುವುದಿಲ್ಲ.

ಆಮೇಲೆ ಬರುವುದು ಕಾಫಿ. ಅರೇಬಿಕಾ ಮುಗಿಯಿತು ಅನ್ನುವಾಗ ರೋಬಸ್ಟಾ ಕೊಯ್ಲು, ಅದರ ಬೆನ್ನಿಗೇ ಎಸ್‌ಎಸ್‌ಎಲ್‌ಸಿ. ಸಂಜೆ ವಿಶೇಷ ತರಗತಿ ಮುಗಿಸಿ ಹೋದ ಹುಡುಗರು ಮನೆಯ ಕಣದಲ್ಲಿ ಒಣಹಾಕಿದ ಕಾಫಿ ಗುಡ್ಡೆ ಮಾಡಿ ಟಾರ್ಪಲ್ ಮುಚ್ಚಬೇಕು. ಆಗ ನಾನು ಕೊಡುವ ಲೆಕ್ಕಗಳೂ ಕಣದಿಂದಲೇ ಬರುತ್ತವೆ. ಒಣ ಚೆರ್ರಿಯ, ಅಂದರೆ ಒಣಗಿಸಿದ ಕಾಫಿ ಹಣ್ಣಿನ, 50 ಕೆಜಿ ಚೀಲದಲ್ಲಿ 27 ಕೆಜಿ ಕಾಳು ಸಿಕ್ಕರೆ ಶೇಕಡಾ ಎಷ್ಟು? 54. ಒಂದು ಕೆಜಿ ಕಡಿಮೆ ಬಂದರೆ ಚೀಲಕ್ಕೆ ಎಷ್ಟು ರೂಪಾಯಿ ನಷ್ಟ? ಚೀಲಕ್ಕೆ ಇಷ್ಟು ಕಾಳು ಅನ್ನುವ ಈ ಲೆಕ್ಕಕ್ಕೆ ಔಟ್‌ಟರ್ನ್ ಅನ್ನುತ್ತಾರೆ. ಆ ಮಾತು ಮನೆಯಲ್ಲಿ ದಿನಾ ಕೇಳಿದವರು ಇದನ್ನು ಅಪ್ಪನ ಜೊತೆ ಕೂತು ಮಾಡುತ್ತಾರೆ. ಒಬ್ಬರ ಅಪ್ಪ ಅಂತೂ ವ್ಯಾಪಾರಿ ಕೊಟ್ಟ ಚೀಟಿಯನ್ನೇ ಕಳಿಸಿದ್ದರು, ಮಕ್ಕಳಿಂದ ಸರಿ ನೋಡಿಸಿ ಎಂದು. ಇಡೀ ತರಗತಿ ಅದರ ಮೇಲೆ ಬಿತ್ತು.

ಹತ್ತನೇ ತರಗತಿ ಮಕ್ಕಳ ಮನೆಯವರಲ್ಲಿ ಒಂದು ಕೋರಿಕೆ. ಕೊಯ್ಲಿನ ವಾರದಲ್ಲಿ ಮಗುವಿಗೆ ಸಂಜೆ ಕೆಲಸ ಇದೆ ಅಂತಾದರೆ ಮೊದಲೇ ಹೇಳಿ ಕಳಿಸಿ. ಆ ವಾರದ ಹಾಳೆಯನ್ನು ಮಧ್ಯಾಹ್ನದ ಬಿಸಿಯೂಟ ಆದಮೇಲೆ ನಾನೇ ಪಕ್ಕದಲ್ಲಿ ಕೂತು ಮಾಡಿಸುತ್ತೇನೆ.